ಪವರ್ ಪ್ರೆಸ್ಸಿನಲ್ಲಿ ತಮ್ಮನ ಬೆರಳುಗಳು ಹೋಗಿವೆ. ಛಾಪಾ ಕಾಗದಕ್ಕೆ ಸಹಿ ಹಾಕಬಹುದೇ?

ಕೇಳಿದವರು: ತುಮಕೂರಿನ ಒಬ್ಬ ಅಕ್ಕ

ನನ್ನ ತಮ್ಮನಿಗೆ 30 ವರ್ಷ. ಬೆಂಗಳೂರಿನ ಹೊರವಲಯದ ಒಂದು ಶೀಟ್ ಮೆಟಲ್ ಕಾರ್ಖಾನೆಯಲ್ಲಿ ಗುತ್ತಿಗೆದಾರನ ಮೂಲಕ ಸೇರಿಕೊಂಡು ಎರಡು ವರ್ಷಗಳಿಂದ ಪವರ್ ಪ್ರೆಸ್ ನಡೆಸುತ್ತಿದ್ದ. 2025ರ ಆಗಸ್ಟ್‌ನಲ್ಲಿ ರಾತ್ರಿ ಪಾಳಿಯ ಹೊತ್ತಿನಲ್ಲಿ ಬಲಗೈ ಡೈ (ತಗಡನ್ನು ಒತ್ತುವ ಅಚ್ಚು) ಒಳಗೆ ಸಿಕ್ಕಿ ತೋರುಬೆರಳು ಮತ್ತು ನಡುಬೆರಳು ಬುಡದವರೆಗೂ ಹೋದವು. ನರ್ಸಿಂಗ್ ಹೋಮಿನ ಬಿಲ್ಲನ್ನು ಮಾಲೀಕರೇ ಕಟ್ಟಿದರು. ಆದರೆ ನಾಲ್ಕು ತಿಂಗಳಿಂದ ಸಂಬಳವಿಲ್ಲ. ತಿಂಗಳಿಗೆ 14,000 ರೂಪಾಯಿ ಸಂಬಳವಿತ್ತು. ಸಂಬಳದ ಚೀಟಿಯಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಎಂದು 105 ರೂಪಾಯಿ ಹಿಡಿಯುತ್ತಿದ್ದರು, ಕಾರ್ಡು ಕೇಳಿದರೆ ಇನ್ನೂ ಬಂದಿಲ್ಲ ಎನ್ನುತ್ತಿದ್ದರು. ಈಗ 40,000 ರೂಪಾಯಿ ಕೊಡುವುದಾಗಿಯೂ, ಮುಂದೆ ಯಾವ ಹಕ್ಕನ್ನೂ ಕೇಳುವುದಿಲ್ಲವೆಂದು ಛಾಪಾ ಕಾಗದದ ಮೇಲೆ ಬರೆದುಕೊಡಬೇಕೆಂದೂ ಹೇಳಿಕಳಿಸಿದ್ದಾರೆ. ತಮ್ಮ ಒಪ್ಪಿಬಿಟ್ಟಿದ್ದಾನೆ, ಹಳೆಯ ನೋಟ್‌ಬುಕ್ಕಿನಲ್ಲಿ ಎಡಗೈಯಿಂದ ಸಹಿ ಹಾಕುವುದನ್ನು ಅಭ್ಯಾಸ ಮಾಡುತ್ತಿದ್ದಾನೆ. ಇದನ್ನು ಹಾದು ಬಂದವರು ದಯವಿಟ್ಟು ನಿಮ್ಮ ಅನುಭವ ತಿಳಿಸಿ.

ಉತ್ತರ: ಪೀಣ್ಯದಲ್ಲಿ ಪ್ರೆಸ್ ಆಪರೇಟರ್ ಆಗಿದ್ದವರು

ಅಕ್ಕಾ, ಸಹಿ ಸದ್ಯಕ್ಕೆ ಬೇಡ ಎಂದು ನಿಮ್ಮ ತಮ್ಮನಿಗೆ ಹೇಳಿ. 2019ರ ಕೊನೆಯಲ್ಲಿ ನನ್ನ ಎಡಗೈಯ ಉಂಗುರದ ಬೆರಳು ಮತ್ತು ಕಿರುಬೆರಳು ಪ್ರೆಸ್ಸಿಗೆ ಹೋದವು, ಆದ್ದರಿಂದ ಕೇಳಿದ ಮಾತನ್ನಲ್ಲ, ಕಂಡದ್ದನ್ನು ಬರೆಯುತ್ತಿದ್ದೇನೆ.

ನಮ್ಮ ಯಂತ್ರಕ್ಕೆ ಎರಡು ಬಟನ್ ಇದ್ದವು. ಎರಡೂ ಕೈಗಳಿಂದ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಇಳಿಯಬೇಕು, ಹಾಗಾದಾಗ ಕೈ ಡೈ ಒಳಗೆ ಇರುವ ಪ್ರಶ್ನೆಯೇ ಬರುವುದಿಲ್ಲ. ಆದರೆ ಗಂಟೆಗೆ ಇಷ್ಟು ಪೀಸ್ ಎಂಬ ಲೆಕ್ಕ ಮುಟ್ಟಲು ಒಂದು ಬಟನ್ನಿಗೆ ಕಡ್ಡಿ ಸಿಕ್ಕಿಸಿ, ಒಂದೇ ಕೈಯಿಂದ ಓಡಿಸುವುದು ಆ ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿದ್ದ ಪದ್ಧತಿ. ಕೈ ಸಿಕ್ಕಿದ ಮೇಲೆ ಸೂಪರ್‌ವೈಸರ್ ಮೊದಲು ಮಾಡಿದ ಕೆಲಸ ಆ ಕಡ್ಡಿಯನ್ನು ಕಿತ್ತದ್ದು, ಎರಡನೆಯದು ನನ್ನ ಕೈಗೆ ವೇಸ್ಟ್ ಬಟ್ಟೆ ಸುತ್ತಿದ್ದು. ಆಸ್ಪತ್ರೆಯಲ್ಲಿ ವೈದ್ಯರು ಹೇಗಾಯಿತೆಂದು ಕೇಳಿದಾಗ ಅವರೇ ಮುಂದೆ ಬಿದ್ದು ಮನೆಯ ಗೇಟಿಗೆ ಸಿಕ್ಕಿತು ಎಂದರು. ನನಗೆ ಎಚ್ಚರವಿತ್ತು, ಕಾರ್ಖಾನೆಯಲ್ಲಿ ಆದದ್ದು ಎಂದೆ. ವೈದ್ಯರು ನಮ್ಮಿಬ್ಬರ ಮುಖವನ್ನೂ ನೋಡಿ, ಗೇಟು ಎಂದು ಬರೆದದ್ದನ್ನು ಹೊಡೆದುಹಾಕಿ, ಪ್ರೆಸ್ ಯಂತ್ರ ಎಂದು ಬರೆದು ಪಕ್ಕದಲ್ಲಿ ಚಿಕ್ಕ ಸಹಿ ಮಾಡಿದರು. ನನಗೆ ಇಂದಿಗೂ ಬರುತ್ತಿರುವ ಹಣವೆಲ್ಲ ಆ ಒಂದು ತಿದ್ದುಪಡಿಯಿಂದ ಬರುತ್ತಿರುವುದು.

ಕಾರಣ ಹೀಗಿದೆ. ಇಎಸ್‌ಐನಲ್ಲಿ ಒಂದೇ ಗಾಯಕ್ಕೆ ಎರಡು ಹೆಸರುಗಳಿವೆ. ಕಾಯಿಲೆ ಎಂದು ದಾಖಲಾದರೆ ಕೂಲಿಯ ಶೇ. 70ರಷ್ಟು, ಅದೂ ವರ್ಷಕ್ಕೆ 91 ದಿನಗಳವರೆಗೆ ಮಾತ್ರ, ಮತ್ತು ಅದಕ್ಕೆ ಹಿಂದಿನ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನಗಳ ವಂತಿಗೆ ಕಟ್ಟಿರಬೇಕು. ಕೆಲಸದ ಗಾಯ ಎಂದು ದಾಖಲಾದರೆ ಕೂಲಿಯ ಶೇ. 90ರಷ್ಟು, ವೈದ್ಯರು ಕೆಲಸಕ್ಕೆ ಹೋಗಬಹುದೆಂದು ಬರೆಯುವವರೆಗೂ, ಕೆಲಸಕ್ಕೆ ಸೇರಿದ ಮೊದಲ ದಿನವೇ ಗಾಯವಾಗಿದ್ದರೂ ಸರಿ. ನನ್ನ ಕಾರ್ಖಾನೆಯವರು ಅಪಘಾತದ ವರದಿಯನ್ನು ಕಳಿಸದೆ ಕೂತಿದ್ದರಿಂದ ಮೊದಲ ತಿಂಗಳುಗಳಲ್ಲಿ ನನಗೆ ಕಾಯಿಲೆಯ ದರದಲ್ಲೇ ಹಣ ಬಂತು. ಆಸ್ಪತ್ರೆಯ ಆ ಚೀಟಿಯನ್ನು ಹಿಡಿದು ಶಾಖಾ ಕಚೇರಿಗೆ ನಾಲ್ಕು ಸಲ ಅಲೆದ ಮೇಲೆ ವಿಚಾರಣೆ ನಡೆದು, ವ್ಯತ್ಯಾಸದ ಹಣ ಸೇರಿತು.

ನಿಮ್ಮ ತಮ್ಮನ ಲೆಕ್ಕವನ್ನು ಸ್ಥೂಲವಾಗಿ ಹಾಕಿ ನೋಡಿ. 14,000ವನ್ನು 30ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 466 ರೂಪಾಯಿ; ಅದರ ಶೇ. 90 ಎಂದರೆ 420. ತಿಂಗಳಿಗೆ 12,600 ಆಯಿತು, ನಾಲ್ಕು ತಿಂಗಳಿಗೆ 50,400 ಆಯಿತು. ಗಾಯ ಮಾಯಲು ಹಿಡಿದ ದಿನಗಳ ಬಾಬತ್ತೇ ಮಾಲೀಕರು ಕೊಡುತ್ತೇನೆನ್ನುವ 40,000ವನ್ನು ಮೀರುತ್ತದೆ, ಹೋದ ಬೆರಳುಗಳ ಲೆಕ್ಕ ಇನ್ನೂ ಶುರುವೇ ಆಗಿಲ್ಲ.

ಬೆರಳುಗಳ ಲೆಕ್ಕ ಮಾಡುವುದು ವೈದ್ಯಕೀಯ ಮಂಡಳಿ. ಚಿಕಿತ್ಸೆ ಮುಗಿದು ಅಂತಿಮ ಸರ್ಟಿಫಿಕೇಟ್ ಬಂದ ಮೇಲೆ ಕರೆಯುತ್ತಾರೆ. ನನ್ನನ್ನು ಲೋಟ ಹಿಡಿಯಲು ಹೇಳಿದರು, ಅಂಗಿಯ ಗುಂಡಿ ಹಾಕಲು ಹೇಳಿದರು, ಐದು ನಿಮಿಷದಲ್ಲಿ ಮುಗಿಯಿತು. ಕಾಯ್ದೆಯ ಅನುಸೂಚಿಯಲ್ಲಿ ಒಂದೊಂದು ಅಂಗಕ್ಕೂ ಇಷ್ಟೆಂದು ಗೊತ್ತುಮಾಡಿದ್ದಾರೆ: ಹೆಬ್ಬೆರಳಿಗೆ ಶೇ. 30, ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರದ ಬೆರಳಿಗೋ ಕಿರುಬೆರಳಿಗೋ 7. ಒಂದೇ ಕೈಯ ಎರಡು ಬೆರಳು ಹೋದರೆ 20. ನಿಮ್ಮ ತಮ್ಮನ ಎರಡನ್ನು ಬಿಡಿಬಿಡಿಯಾಗಿ ಕೂಡಿದರೆ 26 ಆಗುತ್ತದೆ, ನನ್ನ ಎರಡನ್ನು ಕೂಡಿದರೆ 14 ಮಾತ್ರ. ಆದರೆ ಜೋಡಿಯಾಗಿ ಇಬ್ಬರದೂ 20. ಈ ಗಣಿತ ಯಾರ ತಲೆಯಲ್ಲಿ ಹುಟ್ಟಿತೋ, ನನಗಂತೂ ಅದರಿಂದ ಲಾಭವೇ ಆಯಿತು. ಮಂಡಳಿಯ ತೀರ್ಮಾನ ಕಡಿಮೆಯೆನಿಸಿದರೆ ಮೂರು ತಿಂಗಳ ಒಳಗೆ ವೈದ್ಯಕೀಯ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. 20 ಎಂದೇ ಹಿಡಿದರೂ ದಿನದ 420ರ ಐದನೇ ಒಂದು ಪಾಲು, ಅಂದರೆ 84 ರೂಪಾಯಿ, ತಿಂಗಳಿಗೆ ಸುಮಾರು 2,500 ರೂಪಾಯಿ ಜೀವನಪರ್ಯಂತ ಬರುತ್ತದೆ. ಬೇರೆ ಕಡೆ ಕೆಲಸಕ್ಕೆ ಸೇರಿದರೂ ಅದು ನಿಲ್ಲುವುದಿಲ್ಲ. ನಾನೀಗ ಇನ್ನೊಂದು ಕಾರ್ಖಾನೆಯಲ್ಲಿ ಪೀಸ್‌ಗಳ ತಪಾಸಣೆ ಮಾಡುತ್ತೇನೆ, ಸಂಬಳವೂ ಬರುತ್ತದೆ, ಅದೂ ಬರುತ್ತದೆ. ಬದುಕಿರುವ ಪ್ರಮಾಣಪತ್ರವನ್ನು ಕಾಲಕಾಲಕ್ಕೆ ಕೊಡುವುದನ್ನು ಮಾತ್ರ ಮರೆಯಬಾರದು.

ಉತ್ತರ: ಸಣ್ಣ ಕಾರ್ಖಾನೆಗಳ ಸಂಬಳದ ಲೆಕ್ಕ ಬರೆಯುತ್ತಿದ್ದವರು

ಮೇಲಿನವರು ಹೇಳಿದ್ದರಲ್ಲಿ ತಪ್ಪಿಲ್ಲ. ನಾನು ಮೇಜಿನ ಆಚೆ ಬದಿಯಲ್ಲಿ ಕೂತಿದ್ದವನು, ಆದ್ದರಿಂದ ಅಲ್ಲಿಂದ ಕಾಣುವುದನ್ನು ಹೇಳುತ್ತೇನೆ.

ಆ 105 ರೂಪಾಯಿ 14,000ಕ್ಕೆ ಸರಿಯಾಗಿ ಶೇ. 0.75. 2019ರ ಜುಲೈಯಿಂದ ಕಾರ್ಮಿಕನ ಪಾಲು ಅಷ್ಟು, ಮಾಲೀಕನ ಪಾಲು ಶೇ. 3.25. ಹಾಗಾಗಿ ಲೆಕ್ಕ ಬಲ್ಲವರೇ ಅದನ್ನು ಹಿಡಿದಿದ್ದಾರೆ. ಹಿಡಿದದ್ದನ್ನು ಕಟ್ಟಿದ್ದಾರೆಯೇ ಎಂಬುದನ್ನು ಮೊದಲು ತಿಳಿಯಬೇಕು. ವಿಮೆದಾರನಿಗೆ ಹತ್ತು ಅಂಕಿಯ ಒಂದು ಸಂಖ್ಯೆ ಇರುತ್ತದೆ. ತಮ್ಮನ ಆಧಾರ್ ಮತ್ತು ಸಂಬಳದ ಚೀಟಿಗಳನ್ನು ಹಿಡಿದು ಇಎಸ್‌ಐ ಶಾಖಾ ಕಚೇರಿಗೆ ಹೋದರೆ ಆ ಸಂಖ್ಯೆ ಇದೆಯೇ, ಎಂದು ನೋಂದಾಯಿಸಿದರು, ಎಷ್ಟು ತಿಂಗಳು ಕಟ್ಟಿದರು ಎಂಬುದೆಲ್ಲ ತೆರೆಯ ಮೇಲೆ ಕಾಣುತ್ತದೆ.

ಕಟ್ಟಿಲ್ಲವೆಂದಾದರೆ ತಮ್ಮನ ಹಕ್ಕು ಹೋಯಿತೆಂದು ಎದೆಗುಂದಬೇಡಿ. ಹತ್ತು ಅಥವಾ ಹೆಚ್ಚು ಜನರಿರುವ ಕಾರ್ಖಾನೆಯಲ್ಲಿ 21,000 ರೂಪಾಯಿವರೆಗೆ ಸಂಬಳ ಪಡೆಯುವವನು ಕಾನೂನಿನ ಪ್ರಕಾರವೇ ವಿಮೆಗೆ ಒಳಪಟ್ಟವನು. ಮಾಲೀಕ ಕಟ್ಟದೆ ಉಳಿಸಿಕೊಂಡಿದ್ದರೆ ಇಎಸ್‌ಐ ನಿಗಮವು ಕಾರ್ಮಿಕನಿಗೆ ಹಣ ಕೊಟ್ಟು ಮಾಲೀಕನಿಂದ ವಸೂಲು ಮಾಡಿಕೊಳ್ಳಲು 1948ರ ಇಎಸ್‌ಐ ಕಾಯ್ದೆಯ 68ನೇ ಕಲಮು ಅವಕಾಶ ಕೊಟ್ಟಿದೆ. ಕಾರ್ಮಿಕನ ಸಂಬಳದಿಂದ ಹಿಡಿದ ಹಣವನ್ನು ಕಟ್ಟದಿರುವುದು ನಂಬಿಕೆದ್ರೋಹದ ಅಪರಾಧವೂ ಹೌದು. ಗುತ್ತಿಗೆದಾರನ ಕಡೆಯವನು ಎಂಬ ನೆಪವೂ ನಡೆಯುವುದಿಲ್ಲ, ಏಕೆಂದರೆ ಗುತ್ತಿಗೆಯವರ ವಂತಿಗೆಯನ್ನು ಮೊದಲು ಕಟ್ಟಬೇಕಾದವನು ಮೂಲ ಮಾಲೀಕನೇ, ಗುತ್ತಿಗೆದಾರನಿಂದ ಆಮೇಲೆ ಹಿಂಪಡೆಯುವುದು ಅವನ ತಲೆನೋವು.

ಇನ್ನು ಛಾಪಾ ಕಾಗದದ ವಿಷಯ. ಅಂಥ ಕಾಗದಗಳನ್ನು ಟೈಪ್ ಮಾಡಿಸಿಕೊಟ್ಟವರಲ್ಲಿ ನಾನೂ ಒಬ್ಬ ಎಂಬುದನ್ನು ಮುಚ್ಚಿಡುವುದಿಲ್ಲ. ಅದರಲ್ಲಿ ಎಲ್ಲರೂ ಓದುವುದು ಹಣದ ಸಾಲನ್ನು, ಕೆಲಸ ಕೆಡಿಸುವುದು ಮೇಲಿನ ಸಾಲು: "ಕೆಲಸದ ಅವಧಿ ಮುಗಿದ ನಂತರ, ಸೂಚನೆಗಳನ್ನು ಮೀರಿ, ನನ್ನ ಸ್ವಂತ ಅಜಾಗರೂಕತೆಯಿಂದ". ಹಕ್ಕು ಬಿಟ್ಟೆ ಎಂದು ಬರೆದುಕೊಟ್ಟ ಮಾತ್ರಕ್ಕೆ ಇಎಸ್‌ಐ ಹಕ್ಕು ಹೋಗುವುದಿಲ್ಲ. ಆದರೆ ಗಾಯವು ಕೆಲಸದಲ್ಲಿ ಆದದ್ದಲ್ಲ ಎಂದು ಗಾಯಾಳುವೇ ಸಹಿ ಮಾಡಿದ ಕಾಗದ ಕಡತದಲ್ಲಿ ಸೇರಿದರೆ ವಿಚಾರಣೆಗೆ ಬಂದ ಅಧಿಕಾರಿ ಅದನ್ನೇ ಮೊದಲು ಓದುತ್ತಾನೆ. ನಿಮಗೆ ಕೊಟ್ಟಿರುವ ಕರಡಿನಲ್ಲಿ ಅಂಥ ಸಾಲು ಇದೆಯೇ ನೋಡಿ. ಸೂಚನೆ ಮೀರಿದ ಎಂಬ ಮಾತಿಗೂ ಅಂಜಬೇಕಿಲ್ಲ: ಮಾಲೀಕನ ಉತ್ಪಾದನೆಗಾಗಿ ಮಾಡುತ್ತಿದ್ದ ಕೆಲಸದಲ್ಲಿ ನಿಯಮ ಮೀರಿದ್ದರೂ ಅದು ಕೆಲಸದ ಗಾಯವೇ ಎಂದು ಅದೇ ಕಾಯ್ದೆ ಹೇಳುತ್ತದೆ.

ಕಾರ್ಖಾನೆಯಲ್ಲಿ ಅಪಘಾತ ಪುಸ್ತಕ ಇರಬೇಕು, ಅದು ನಮೂನೆ 11. ಇಎಸ್‌ಐಗೆ ಕಳಿಸುವ ಅಪಘಾತ ವರದಿ ನಮೂನೆ 12. 48 ಗಂಟೆಗೂ ಹೆಚ್ಚು ಕೆಲಸಕ್ಕೆ ಬರಲಾಗದ ಗಾಯವಾದರೆ ಕಾರ್ಖಾನೆಗಳ ಇಲಾಖೆಗೂ ತಿಳಿಸಬೇಕಿತ್ತು. ಇವುಗಳ ಪ್ರತಿಯನ್ನು ಲಿಖಿತವಾಗಿ ಕೇಳಿ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಕೊಡದಿದ್ದರೆ ಕೊಡಲಿಲ್ಲ ಎಂಬುದೇ ನಿಮ್ಮ ದಾಖಲೆ.

ಉತ್ತರ: ರಾಜಿ ಮಾಡಿಕೊಂಡ ಒಬ್ಬರು

ಎಲ್ಲರೂ ಸಹಿ ಬೇಡ ಎನ್ನುತ್ತಿದ್ದೀರಿ. ನಾನು ಸಹಿ ಹಾಕಿದವನು. ಮನೆಯಲ್ಲಿ ಬಾಡಿಗೆ ಕಟ್ಟಲು ದುಡ್ಡಿರಲಿಲ್ಲ, ತಂಗಿಯ ಮದುವೆ ಗೊತ್ತಾಗಿತ್ತು, ಮಾಲೀಕರು 60,000 ರೂಪಾಯಿಯನ್ನು ಒಂದೇ ಗಂಟಾಗಿ ಕೈಗಿಟ್ಟು, ಕೂತು ಮಾಡುವ ಕೆಲಸ ಕೊಡುತ್ತೇವೆಂದರು. ಕೆಲಸ ಹನ್ನೊಂದು ತಿಂಗಳು ಇತ್ತು. ಬೈಯಬೇಡಿ, ಆ ಹೊತ್ತಿನಲ್ಲಿ ಎರಡು ವರ್ಷದ ಅಲೆದಾಟವೆಂದರೆ ಯಾರಿಗೂ ಶಕ್ತಿ ಇರುವುದಿಲ್ಲ. ಅಕ್ಕಾ, ತಮ್ಮ ಯಾಕೆ ಒಪ್ಪಿದ್ದಾನೆಂದು ಅವನನ್ನು ಕೂರಿಸಿಕೊಂಡು ಕೇಳಿ. ಸಾಲವಿದ್ದರೆ ಮೊದಲು ಅದಕ್ಕೆ ದಾರಿ ಮಾಡಿದರೆ ಅವನು ತಾನಾಗಿಯೇ ಕಾಗದ ಹಿಂದಕ್ಕೆ ಸರಿಸುತ್ತಾನೆ.

ಉತ್ತರ: ಶಿವಮೊಗ್ಗ ಜಿಲ್ಲೆಯ ಒಬ್ಬ ಗೃಹಿಣಿ

ನಿಮ್ಮ ತಮ್ಮನಿಗೆ ಇಎಸ್‌ಐ ದಾರಿ ಸಿಕ್ಕರೆ ನಾನು ಬರೆಯುವುದು ನಿಮಗೆ ಬೇಕಾಗದು, ಏಕೆಂದರೆ ಇಎಸ್‌ಐಗೆ ಒಳಪಟ್ಟವರು ಅದೇ ಗಾಯಕ್ಕೆ ಮಾಲೀಕರಿಂದ ಪರಿಹಾರ ಕೇಳುವಂತಿಲ್ಲ, ಎರಡರಲ್ಲಿ ಒಂದೇ ಬಾಗಿಲು. ಆದರೆ ಇಎಸ್‌ಐ ಇಲ್ಲದ ಕಡೆ ದುಡಿಯುವವರ ಮನೆಯವರು ಇದನ್ನು ಓದುತ್ತಿರಬಹುದೆಂದು ಬರೆಯುತ್ತಿದ್ದೇನೆ.

ನನ್ನ ಯಜಮಾನರು ಆರೇ ಜನರಿದ್ದ ಸಾ ಮಿಲ್ಲಿನಲ್ಲಿ ಬ್ಯಾಂಡ್ ಸಾ ನಡೆಸುತ್ತಿದ್ದರು. 2021ರಲ್ಲಿ, ಅವರಿಗೆ 40 ವರ್ಷವಿದ್ದಾಗ, ಎಡಗೈ ಮಣಿಕಟ್ಟಿನ ಹತ್ತಿರ ಹೋಯಿತು. ಆರು ಜನರೆಂದರೆ ಇಎಸ್‌ಐ ಇಲ್ಲ. ಉಳಿದದ್ದು 1923ರ ನೌಕರರ ಪರಿಹಾರ ಕಾಯ್ದೆ. ಮಾಲೀಕರು ಆಸ್ಪತ್ರೆಗೆ ಖರ್ಚು ಮಾಡಿದ್ದನ್ನೇ ಪರಿಹಾರವೆಂದು ವಾದಿಸಿದರು. ಚಿಕಿತ್ಸೆಯ ನಿಜವಾದ ವೆಚ್ಚವನ್ನು ಮಾಲೀಕರೇ ಭರಿಸಬೇಕೆಂದು 2009ರ ತಿದ್ದುಪಡಿಯಲ್ಲೇ ಇದೆ, ಅದು ಬೇರೆ, ಪರಿಹಾರ ಬೇರೆ ಎಂದು ನಮ್ಮ ವಕೀಲರು ತೋರಿಸಿದರು. ಆ ವಕೀಲರನ್ನು ಕೊಟ್ಟದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಶುಲ್ಕವಿಲ್ಲದೆ. ಮಹಿಳೆಯರಿಗೂ ಕೈಗಾರಿಕಾ ಕಾರ್ಮಿಕರಿಗೂ ಆದಾಯ ನೋಡದೆ ಉಚಿತ ಕಾನೂನು ನೆರವಿನ ಹಕ್ಕಿದೆ ಎಂಬುದು ನನಗೆ ಕೋರ್ಟಿನ ಆವರಣದಲ್ಲಿ ಚಹಾ ಮಾರುವವರಿಂದ ತಿಳಿಯಿತು. 15100ಕ್ಕೆ ಕರೆ ಮಾಡಿದರೂ ದಾರಿ ಹೇಳುತ್ತಾರೆ.

ಲೆಕ್ಕವನ್ನು ನಾನು ಬಾಯಿಪಾಠ ಮಾಡಿಕೊಂಡಿದ್ದೇನೆ. ಶಾಶ್ವತವಾಗಿ ಪೂರ್ತಿ ಅಂಗವಿಕಲರಾದರೆ ತಿಂಗಳ ಕೂಲಿಯ ಶೇ. 60ನ್ನು ವಯಸ್ಸಿಗೆ ಗೊತ್ತುಮಾಡಿದ ಗುಣಾಂಕದಿಂದ ಗುಣಿಸಬೇಕು. 40 ವರ್ಷಕ್ಕೆ ಆ ಗುಣಾಂಕ 184.17, ನಿಮ್ಮ ತಮ್ಮನ 30 ವರ್ಷಕ್ಕೆ 207.98. ಸಾವಾಗಿದ್ದರೆ ಶೇ. 60ರ ಬದಲು 50. ಭಾಗಶಃ ಊನವಾದರೆ ಬಂದ ಮೊತ್ತದಲ್ಲಿ ಊನದ ಶೇಕಡಾವಾರು ಪಾಲು. ಕೂಲಿ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುವುದು 15,000ದವರೆಗೆ ಮಾತ್ರ, ಅದೂ 2020ರ ಜನವರಿ 3ರಿಂದ. ಅದಕ್ಕೆ ಮುಂಚೆ 8,000 ಇತ್ತು. ಮಾಲೀಕರು ಕೂಲಿ 9,000 ಎಂದರು, ನಾವು 12,000 ಎಂದೆವು. ಚೀಟಿ ಇರಲಿಲ್ಲ, ಯಜಮಾನರು ಪ್ರತಿ ಶನಿವಾರ ಕೂಲಿ ತಂದಾಗ ನಾನು ಕ್ಯಾಲೆಂಡರಿನ ಚೌಕದಲ್ಲಿ ಮೊತ್ತ ಬರೆಯುತ್ತಿದ್ದೆ, ಹಾಲಿನ ಲೆಕ್ಕದ ಪಕ್ಕದಲ್ಲೇ. ಮೂರು ವರ್ಷದ ಕ್ಯಾಲೆಂಡರುಗಳನ್ನು ಸುರುಳಿ ಸುತ್ತಿಕೊಂಡು ಹೋಗಿ ಸಾಕ್ಷಿ ಹೇಳಿದೆ. ನ್ಯಾಯಾಧೀಶರು 12,000 ಒಪ್ಪಿದರು. 7,200ನ್ನು 184.17ರಿಂದ ಗುಣಿಸಿ, ಅದರಲ್ಲಿ ಕೈ ಹೋದ ಊನದ ಪಾಲು ಶೇ. 60 ಎಂದು 7,95,614 ರೂಪಾಯಿ ಆಯಿತು. ಅಪಘಾತವಾಗಿ ಒಂದು ತಿಂಗಳು ಕಳೆದ ದಿನದಿಂದ ವರ್ಷಕ್ಕೆ ಶೇ. 12 ಬಡ್ಡಿ ಬೇರೆ.

ಒಂದು ಕೈ ಹೋದ ಗರಗಸದವನು ಇನ್ನಾವ ಕೆಲಸ ಮಾಡಿಯಾನು, ಪೂರ್ತಿ 100 ಎಂದೇ ಹಿಡಿಯಬೇಕು ಎಂದು ವಕೀಲರು ವಾದಿಸಿದ್ದರು. 1975ರಲ್ಲಿ ಸುಪ್ರೀಂ ಕೋರ್ಟು ಮೊಣಕೈಯ ಮೇಲ್ಭಾಗದಲ್ಲಿ ಎಡಗೈ ಕಳೆದುಕೊಂಡ ಬಡಗಿಯೊಬ್ಬನಿಗೆ, ಒಂದೇ ಕೈಯಿಂದ ಬಡಗಿ ಕೆಲಸ ಸಾಧ್ಯವಿಲ್ಲವೆಂದು, ಪೂರ್ತಿ ಊನವೆಂದೇ ತೀರ್ಪು ಕೊಟ್ಟಿತ್ತಂತೆ. ನಮ್ಮಲ್ಲಿ ಅದು ಒಪ್ಪಿತವಾಗಲಿಲ್ಲ, ಯಜಮಾನರು ಅಷ್ಟರಲ್ಲಿ ಒಂದು ಅಂಗಡಿಯಲ್ಲಿ ಕೂರಲು ಶುರುಮಾಡಿದ್ದು ಅಡ್ಡ ಬಂತು. ನಾನು ಅದಕ್ಕೆ ಕೊರಗಿಲ್ಲ ಎಂದರೆ ಸುಳ್ಳಾಗುತ್ತದೆ.

ಕಾಯ್ದೆಯಲ್ಲಿ ಮೂರು ತಿಂಗಳಲ್ಲಿ ಮುಗಿಸಬೇಕೆಂದಿದೆ, ನಮ್ಮದು ಎರಡು ವರ್ಷ ಮೂರು ತಿಂಗಳು ಹಿಡಿಯಿತು. ತೀರ್ಪಾದ ಮೇಲೂ ಮಾಲೀಕರು ಕಟ್ಟಲಿಲ್ಲ. ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಅವಕಾಶವಿರುವುದರಿಂದ ತಹಸೀಲ್ದಾರರ ಕಚೇರಿಯಿಂದ ನೋಟಿಸು ಹೋದ ಮೇಲೆ ಎರಡು ಕಂತುಗಳಲ್ಲಿ ಕಟ್ಟಿದರು. ಅರ್ಜಿ ಹಾಕಲು ಅಪಘಾತದಿಂದ ಎರಡು ವರ್ಷಗಳ ಗಡುವು ಇದೆ, ರಾಜಿಯ ಮಾತಿನಲ್ಲಿ ಅದನ್ನು ಕಳೆಯಬೇಡಿ.

ಉತ್ತರ: ಲೆಕ್ಕ ಬರೆಯುತ್ತಿದ್ದವರು, ಮತ್ತೊಮ್ಮೆ

ಆ ಅಮ್ಮನವರ ಲೆಕ್ಕದಲ್ಲೇ ನಿಮ್ಮ ತಮ್ಮನದನ್ನೂ ಹಾಕಿದೆ: 14,000ದ ಶೇ. 60 ಎಂದರೆ 8,400, ಅದನ್ನು 207.98ರಿಂದ ಗುಣಿಸಿ ಶೇ. 20 ಹಿಡಿದರೆ 3,49,406 ರೂಪಾಯಿ. ಯಾವ ಬಾಗಿಲಿಂದ ಹೋದರೂ 40,000 ಹತ್ತಿರಕ್ಕೂ ಬರುವುದಿಲ್ಲ. ಇಎಸ್‌ಐ ಇಲ್ಲದ ಕಡೆ ಮಾಲೀಕ ಕಾರ್ಮಿಕರ ನಡುವಿನ ಒಪ್ಪಂದವನ್ನು ಪರಿಹಾರದ ಅರ್ಜಿಗಳನ್ನು ವಿಚಾರಿಸುವ ಆಯುಕ್ತರ ಮುಂದೆ ನೋಂದಾಯಿಸಬೇಕು, ಮೊತ್ತ ತೀರ ಕಡಿಮೆಯೆನಿಸಿದರೆ ಅವರು ನೋಂದಾಯಿಸಲು ನಿರಾಕರಿಸಬಹುದು. ಹಕ್ಕನ್ನೇ ಬಿಟ್ಟುಕೊಡುವ ಕರಾರು 1923ರ ಆ ಕಾಯ್ದೆಯ 17ನೇ ಕಲಮಿನ ಪ್ರಕಾರ ಶೂನ್ಯ.

ಇನ್ನೊಂದು ಗೊಂದಲವನ್ನೂ ಬಿಡಿಸಿಬಿಡುತ್ತೇನೆ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ, ಹಳೆಯ ಕಾಯ್ದೆ ಈಗಿಲ್ಲ ಎಂದು ಮಾಲೀಕರ ಕಡೆಯವರು ಹೇಳಬಹುದು. ನಿಮ್ಮ ತಮ್ಮನ ಗಾಯ ಆಗಸ್ಟ್‌ನದು. ಹಕ್ಕು ಹುಟ್ಟಿದ್ದು ಅಂದೇ. ಹೊಸ ಸಂಹಿತೆಯಲ್ಲೂ ಇಎಸ್‌ಐ ಮತ್ತು ಪರಿಹಾರ ಎರಡೂ ಅಧ್ಯಾಯಗಳಾಗಿ ಉಳಿದಿವೆ.

ಕೇಳಿದವರು, ಐದು ದಿನಗಳ ನಂತರ

ಎಲ್ಲರಿಗೂ ನಮಸ್ಕಾರ. ಶಾಖಾ ಕಚೇರಿಗೆ ಹೋಗಿ ಬಂದೆವು. ಸಂಖ್ಯೆ ಇದೆ, ಆದರೆ ನೋಂದಣಿಯ ದಿನಾಂಕ ಅಪಘಾತದ ಮರುದಿನದ್ದು. ಎರಡು ವರ್ಷ ಹಿಡಿದ 105 ರೂಪಾಯಿಗಳು ಎಲ್ಲಿಗೆ ಹೋದವೋ ತಿಳಿಯದು. ಡಿಸ್ಚಾರ್ಜ್ ಚೀಟಿಯಲ್ಲಿ ಬಾಗಿಲಿಗೆ ಸಿಕ್ಕಿದ ಗಾಯ ಎಂದಿದೆ. ತಮ್ಮನಿಗೆ ಅಂದು ಮಾತಾಡುವ ಸ್ಥಿತಿ ಇರಲಿಲ್ಲ. ಛಾಪಾ ಕಾಗದದಲ್ಲಿ "ಕೆಲಸದ ಅವಧಿ ಮುಗಿದ ನಂತರ" ಎಂಬ ಸಾಲು ಹಾಗೆಯೇ ಇತ್ತು, ಓದಿ ತೋರಿಸಿದಾಗ ತಮ್ಮ ಬಹಳ ಹೊತ್ತು ಸುಮ್ಮನಿದ್ದು ನೋಟ್‌ಬುಕ್ ಮುಚ್ಚಿಟ್ಟ. ಊರಿನ ಸ್ವಸಹಾಯ ಸಂಘದಲ್ಲಿ ನನ್ನ ಹೆಸರಿನಲ್ಲಿ ಸಾಲ ತೆಗೆದು ಅವನ ಬಾಡಿಗೆ ತೀರಿಸಿದ್ದೇನೆ. ಮುಂದೇನು?

ಉತ್ತರ: ಪ್ರೆಸ್ ಆಪರೇಟರ್ ಆಗಿದ್ದವರು

ಅಪಘಾತದ ಮರುದಿನದ ನೋಂದಣಿ ಅವರಿಗೇ ತೊಡಕು, ಏಕೆಂದರೆ ಅದಕ್ಕೆ ಹಿಂದಿನ ತಿಂಗಳುಗಳ ಕಡಿತ ನಿಮ್ಮ ಚೀಟಿಗಳಲ್ಲಿದೆ. ಎಲ್ಲ ಚೀಟಿಗಳನ್ನೂ, ಸಂಬಳ ಜಮೆಯಾದ ಪಾಸ್‌ಬುಕ್ಕಿನ ಪುಟಗಳನ್ನೂ ಜೆರಾಕ್ಸ್ ಮಾಡಿಸಿ. ಬಾಗಿಲಿನ ವಿಷಯಕ್ಕೆ ನರ್ಸಿಂಗ್ ಹೋಮಿನ ಮೊದಲ ರಾತ್ರಿಯ ದಾಖಲೆ ಕೇಳಿ: ಕೇಸ್ ಶೀಟು, ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ದಾಖಲೆ) ಮಾಡಿದ್ದರೆ ಅದರ ಪ್ರತಿ, ಎಷ್ಟು ಗಂಟೆಗೆ ಕರೆತಂದರು, ಕರೆತಂದವರು ಯಾರು. ರಾತ್ರಿ ಎರಡು ಗಂಟೆಗೆ ಕಾರ್ಖಾನೆಯ ಸೂಪರ್‌ವೈಸರ್ ಕರೆತಂದ ಗಾಯ ಮನೆಯ ಬಾಗಿಲಿನದಾಗುವುದು ಕಷ್ಟ. ಅಂದು ಪಾಳಿಯಲ್ಲಿದ್ದ ಒಬ್ಬರಾದರೂ ಬರೆದುಕೊಟ್ಟರೆ ಒಳ್ಳೆಯದು. ಈಗಿರುವವರು ಹೆದರುತ್ತಾರೆ, ಕೆಲಸ ಬಿಟ್ಟು ಹೋದವರನ್ನು ಹುಡುಕಿ. ಇವೆಲ್ಲವನ್ನೂ ಸೇರಿಸಿ, ಇದನ್ನು ಕೆಲಸದ ಗಾಯವೆಂದು ವಿಚಾರಣೆ ಮಾಡಬೇಕೆಂದು ಶಾಖಾ ವ್ಯವಸ್ಥಾಪಕರಿಗೆ ತಮ್ಮನ ಹೆಸರಿನಲ್ಲಿ ಅರ್ಜಿ ಬರೆಯಿರಿ. ಎರಡು ಪ್ರತಿ ಒಯ್ಯಿರಿ, ನಿಮ್ಮ ಪ್ರತಿಯ ಮೇಲೆ ತಾರೀಖಿನ ಮುದ್ರೆ ಬೀಳುವವರೆಗೂ ಕೌಂಟರಿನ ಮುಂದಿನಿಂದ ಏಳಬೇಡಿ. ಸಹಿಯನ್ನು ತಮ್ಮ ಎಡಗೈಯಿಂದಲೇ ಹಾಕಲಿ, ಅಭ್ಯಾಸ ಆಗಿದೆಯಲ್ಲ.